ಬೆಳಕಿನ ವಕ್ರೀಭವನ

ಬೆಳಕು ಒಂದು ಪಾರದರ್ಶಕ ಮಾಧ್ಯಮದಿಂದ ಮತ್ತೊಂದು ಪಾರದರ್ಶಕ ಮಾಧ್ಯಮಕ್ಕೆ ಓರೆಯಾಗಿ ಪ್ರವೇಶಿಸುವಾಗ ಅವೆರಡರ ಗಡಿಯಲ್ಲಿ ತನ್ನ ದಿಕ್ಕನ್ನು ಬದಲಿಸುವ ವಿದ್ಯಮಾನವನ್ನು ಬೆಳಕಿನ ವಕ್ರೀಭವನ ಎನ್ನುತ್ತಾರೆ. ನೀರಿನ ಲೋಟದಲ್ಲಿಟ್ಟ ಚಮಚ ಮುರಿದಂತೆ ತೋರುವುದು, ಕೆರೆಯ ತಳ ಮೇಲೆದ್ದು ಬಂದಂತೆ ಕಾಣುವುದು, ಕನ್ನಡಕದ ಮಸೂರವು ದೃಷ್ಟಿದೋಷವನ್ನು ಸರಿಪಡಿಸುವುದು ಇವೆಲ್ಲವೂ ಇದರ ಪರಿಣಾಮಗಳು. ಬೆಳಕು ಗಡಿಗೆ ಲಂಬವಾಗಿ ಬಿದ್ದಾಗ ಅದರ ವೇಗ ಬದಲಾಗುತ್ತದೆಯೇ ಹೊರತು ದಿಕ್ಕು ಬದಲಾಗುವುದಿಲ್ಲ.

ಕಾರಣ

ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ನೀರಿನಲ್ಲಿ ಇದು ಸುಮಾರು 2.25 ಲಕ್ಷಕ್ಕೂ, ಸಾಮಾನ್ಯ ಗಾಜಿನಲ್ಲಿ ಸುಮಾರು 2 ಲಕ್ಷಕ್ಕೂ ಇಳಿಯುತ್ತದೆ. ದಿಕ್ಕಿನ ಬದಲಾವಣೆಗೆ ಮೂಲ ಈ ವೇಗದ ಬದಲಾವಣೆಯೇ. ಕೈ ಕೈ ಹಿಡಿದು ಒಂದೇ ಸಾಲಿನಲ್ಲಿ ಮುನ್ನಡೆಯುವ ಮಕ್ಕಳು ಗಟ್ಟಿನೆಲದಿಂದ ಕೆಸರುಗದ್ದೆಗೆ ಓರೆಯಾಗಿ ಇಳಿದರೆ, ಮೊದಲು ಕೆಸರನ್ನು ಮುಟ್ಟಿದ ತುದಿಯವರು ನಿಧಾನವಾಗುತ್ತಾರೆ. ಇನ್ನೊಂದು ತುದಿಯವರು ಮೊದಲಿನ ವೇಗದಲ್ಲೇ ಬರುತ್ತಿರುವುದರಿಂದ ಇಡೀ ಸಾಲು ತಿರುಗಿಬಿಡುತ್ತದೆ. ಬೆಳಕಿನ ತರಂಗಕ್ಕೂ ಆಗುವುದು ಇದೇ. ಈ ಪ್ರಕ್ರಿಯೆಯಲ್ಲಿ ತರಂಗದೂರ ಬದಲಾದರೂ ಆವೃತ್ತಿ ಬದಲಾಗುವುದಿಲ್ಲ.

ನಿರ್ವಾತದಲ್ಲಿನ ವೇಗವನ್ನು ಮಾಧ್ಯಮದಲ್ಲಿನ ವೇಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆಯೇ ಆ ಮಾಧ್ಯಮದ ವಕ್ರೀಭವನ ಸೂಚ್ಯಂಕ. ನೀರಿಗೆ ಇದು 1.33, ಸೀಮೆಎಣ್ಣೆಗೆ 1.44, ವಜ್ರಕ್ಕೆ 2.42. ಸೀಮೆಎಣ್ಣೆ ನೀರಿನ ಮೇಲೆ ತೇಲುವಷ್ಟು ಹಗುರವಾದರೂ ಅದರ ಸೂಚ್ಯಂಕ ನೀರಿನದಕ್ಕಿಂತ ಹೆಚ್ಚು ಎಂಬುದು ಗಮನಾರ್ಹ. ದೃಕ್ ಸಾಂದ್ರತೆ ಬೇರೆ, ದ್ರವ್ಯದ ಸಾಂದ್ರತೆ ಬೇರೆ. ಪರೀಕ್ಷೆಗಳಲ್ಲಿ ವಿದ್ಯಾರ್ಥಿಗಳು ಬಹುವಾಗಿ ಎಡವುವುದು ಇಲ್ಲಿಯೇ.

ಸ್ನೆಲ್‌ನ ನಿಯಮ

ಎರಡು ನಿರ್ದಿಷ್ಟ ಮಾಧ್ಯಮಗಳಿಗೆ ಸಂಬಂಧಿಸಿದಂತೆ ಪತನ ಕೋನದ ಸೈನ್ ಮತ್ತು ವಕ್ರಿಮ ಕೋನದ ಸೈನ್‌ಗಳ ಅನುಪಾತ ಸ್ಥಿರವಾಗಿರುತ್ತದೆ. ಕೋನಗಳನ್ನು ಅಳೆಯಬೇಕಾದುದು ಗಡಿಯಿಂದಲ್ಲ, ಗಡಿಗೆ ಎಳೆದ ಲಂಬದಿಂದ. ಉದಾಹರಣೆಗೆ, ಗಾಳಿಯಿಂದ ನೀರಿಗೆ 45 ಡಿಗ್ರಿ ಕೋನದಲ್ಲಿ ಬೀಳುವ ಕಿರಣವು ನೀರಿನೊಳಗೆ ಲಂಬದ ಕಡೆಗೆ ಬಾಗಿ ಸುಮಾರು 32 ಡಿಗ್ರಿ ಕೋನದಲ್ಲಿ ಸಾಗುತ್ತದೆ.

ನಿಯಮಕ್ಕೆ ಡಚ್ ಗಣಿತಜ್ಞ ವಿಲ್ಲೆಬ್ರಾರ್ಡ್ ಸ್ನೆಲ್‌ನ ಹೆಸರಿದ್ದರೂ ಬಾಗ್ದಾದಿನ ಇಬ್ನ್ ಸಹ್ಲ್ 10ನೆಯ ಶತಮಾನದಲ್ಲಿಯೇ ಇದನ್ನು ಅರಿತಿದ್ದನು. ಸ್ನೆಲ್ 1621ರಲ್ಲಿ ಕಂಡುಕೊಂಡರೂ ಪ್ರಕಟಿಸಲಿಲ್ಲ. 1637ರಲ್ಲಿ ಅಚ್ಚಿಗೆ ತಂದವನು ಫ್ರಾನ್ಸಿನ ರೆನೆ ದೆಕಾರ್ತ್. ನಿಯಮ ಒಂದೇ ಆದರೂ ಕಾರಣದ ಬಗ್ಗೆ ದೀರ್ಘಕಾಲ ವಿವಾದವಿತ್ತು. ಬೆಳಕು ಕಣಗಳ ಪ್ರವಾಹವೆಂದ ನ್ಯೂಟನ್ ಪ್ರಕಾರ ನೀರಿನಲ್ಲಿ ಬೆಳಕಿನ ವೇಗ ಹೆಚ್ಚಬೇಕಿತ್ತು. ತರಂಗವೆಂದ ಹೈಗೆನ್ಸ್ ಪ್ರಕಾರ ತಗ್ಗಬೇಕಿತ್ತು. 1850ರಲ್ಲಿ ಲಿಯೋನ್ ಫೂಕೊ ತಿರುಗುವ ಕನ್ನಡಿಯ ನೆರವಿನಿಂದ ವೇಗಗಳನ್ನು ಹೋಲಿಸಿ ನೀರಿನಲ್ಲಿ ಬೆಳಕು ನಿಧಾನವೆಂದು ತೋರಿಸಿದಾಗ ತರಂಗವಾದಕ್ಕೆ ಬಲ ಬಂದಿತು.

ತೋರಿಕೆಯ ಆಳ

ನೀರಿನ ತಳದಿಂದ ಹೊರಟ ಕಿರಣಗಳು ಗಾಳಿಗೆ ಬರುವಾಗ ಲಂಬದಿಂದ ದೂರಕ್ಕೆ ಬಾಗುತ್ತವೆ. ಕಣ್ಣಿಗಾದರೋ ಈ ಬಾಗುವಿಕೆಯ ಅರಿವಿಲ್ಲ. ಅದು ಕಿರಣ ನೇರವಾಗಿಯೇ ಬಂದಿತೆಂದು ಗ್ರಹಿಸಿ ತಳವನ್ನು ಇರುವುದಕ್ಕಿಂತ ಮೇಲೆ ಕಾಣುತ್ತದೆ. ನೇರ ಮೇಲಿನಿಂದ ನೋಡಿದಾಗ ತೋರಿಕೆಯ ಆಳವು ನಿಜವಾದ ಆಳದ ಮುಕ್ಕಾಲು ಪಾಲು ಮಾತ್ರ: 8 ಅಡಿಯ ಹೊಂಡ 6 ಅಡಿಯಂತೆ ಕಾಣುತ್ತದೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಆಳ ಇನ್ನೂ ಕಡಿಮೆಯೆನಿಸುತ್ತದೆ. ತಿಳಿನೀರಿನ ಕೆರೆ, ಕಲ್ಲುಕ್ವಾರಿ, ನದಿಯ ಮಡುಗಳಲ್ಲಿ ಈಜು ಬಾರದವರು ತಳ ಕಾಣುತ್ತಿದೆಯೆಂಬ ಧೈರ್ಯದಿಂದ ಇಳಿಯುವುದು ಅಪಾಯಕರ. ಎದೆಮಟ್ಟದ ನೀರೆಂದು ತೋರಿದ್ದು ತಲೆ ಮುಳುಗುವಷ್ಟಿರಬಹುದು. ಆಳವನ್ನು ಕೋಲಿನಿಂದ ಅಳೆಯಬೇಕೇ ಹೊರತು ಕಣ್ಣಿನಿಂದಲ್ಲ. ಈಟಿಯಿಂದ ಮೀನು ಹಿಡಿಯುವವರು ಮೀನು ಕಂಡ ಜಾಗಕ್ಕಿಂತ ಕೆಳಕ್ಕೆ ಗುರಿಯಿಡುವುದೂ ಇದೇ ಕಾರಣದಿಂದ.

ಸಂಪೂರ್ಣ ಆಂತರಿಕ ಪ್ರತಿಫಲನ

ನೀರಿನಿಂದ ಗಾಳಿಗೆ ಬರುವ ಕಿರಣದ ಪತನ ಕೋನ ಸುಮಾರು 49 ಡಿಗ್ರಿಯನ್ನು ಮೀರಿದರೆ ಬೆಳಕು ಹೊರಬಾರದೆ ಪೂರ್ತಿಯಾಗಿ ನೀರಿಗೇ ಹಿಂದಿರುಗುತ್ತದೆ. ಈ ಮಿತಿಗೆ ಕ್ರಾಂತಿ ಕೋನವೆಂದು ಹೆಸರು. ವಜ್ರದಲ್ಲಿ ಇದು ಸುಮಾರು 24 ಡಿಗ್ರಿ ಮಾತ್ರವಾದ್ದರಿಂದ ಒಳಹೊಕ್ಕ ಬೆಳಕು ಹಲವು ಬಾರಿ ಪ್ರತಿಫಲಿಸಿ ಹೊಳಪು ನೀಡುತ್ತದೆ. ದೂರಸಂಪರ್ಕದ ದ್ಯುತಿತಂತುಗಳೂ ಇದೇ ತತ್ತ್ವವನ್ನು ಅವಲಂಬಿಸಿವೆ.

ವಾತಾವರಣದಲ್ಲಿ

ಭೂಮಿಯ ವಾಯುಮಂಡಲವೂ ಬೆಳಕನ್ನು ಬಾಗಿಸುತ್ತದೆ. ದಿಗಂತದ ಬಳಿ ಸೂರ್ಯಬಿಂಬ ಸುಮಾರು ಅರ್ಧ ಡಿಗ್ರಿಯಷ್ಟು ಮೇಲೆ ಕಾಣುವುದರಿಂದ ಸೂರ್ಯೋದಯವು ಸುಮಾರು 2 ನಿಮಿಷ ಮುಂಚೆಯೂ, ಸೂರ್ಯಾಸ್ತವು ಅಷ್ಟೇ ತಡವಾಗಿಯೂ ಆದಂತೆ ತೋರುತ್ತದೆ. ನಕ್ಷತ್ರಗಳು ಮಿನುಗುವುದಕ್ಕೆ ಗಾಳಿಯ ಪದರಗಳ ಚಂಚಲತೆ ಕಾರಣ. ಬೇಸಿಗೆಯಲ್ಲಿ ಡಾಂಬರು ರಸ್ತೆಗೆ ತಾಗಿದ ಗಾಳಿ ಕಾದು ವಿರಳವಾದಾಗ ಆಕಾಶದಿಂದ ಬಂದ ಬೆಳಕು ಅಲ್ಲಿ ಮೇಲಕ್ಕೆ ಬಾಗಿ ಕಣ್ಣನ್ನು ಸೇರುತ್ತದೆ. ನೆಲದ ಮೇಲೆ ನೀರು ಹರಡಿದಂತೆ ಕಾಣುತ್ತದೆ. ಕನ್ನಡದಲ್ಲಿ ಇದಕ್ಕೆ ಬಿಸಿಲ್ಗುದುರೆ ಎಂಬ ಸೊಗಸಾದ ಹೆಸರಿದೆ. ಇದು ಮನಸ್ಸಿನ ಭ್ರಮೆಯಲ್ಲ, ಕ್ಯಾಮೆರಾದಲ್ಲಿಯೂ ಸೆರೆಯಾಗುತ್ತದೆ.