ಹತ್ತು ಮೀಟರಿನಾಚೆಯ ಬಿಂದು

1956ರ ನವೆಂಬರ್ 1ರಂದು ಕೊಳ್ಳೇಗಾಲವು ಕೊಯಮತ್ತೂರು ಜಿಲ್ಲೆಯಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಇತ್ತ ಉಳಿದ ನಾವು, ದೇವಾಂಗ ನೇಕಾರರೂ ಒಕ್ಕಲಿಗರೂ ಮೊದಲಾದವರು, ಮನೆಯೊಳಗೆ ಕನ್ನಡವನ್ನೂ ಬೀದಿಯಲ್ಲಿ ತಮಿಳನ್ನೂ ಆಡುತ್ತ ಬಂದವರು. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದ ಮೇಲೂ ಈ ಬಾಳ್ವೆ ಬದಲಾಗಲಿಲ್ಲ. ಆದುದರಿಂದಲೇ ಕನ್ನಡನೆಲದಲ್ಲಿ ಜನಿಸಿ ಪರಪ್ರಾಂತದಲ್ಲಿ ಕೀರ್ತಿ ಪಡೆದವರ ಚರಿತ್ರೆ ನಮಗೆ ಬಹು ಹತ್ತಿರವಾದುದು. ಅಂಥವರಲ್ಲೊಬ್ಬರಾದ ಏರ್ ರೈಫಲ್ ಗುರಿಗಾರ್ತಿ ಶ್ರೀಮತಿ ಸುಮಾ ಶಿರೂರ್ ಅವರನ್ನು ಈ ವಾರ್ಷಿಕೋತ್ಸವದಲ್ಲಿ ನೆನೆಯಬಯಸುತ್ತೇವೆ.

ಬಂದೂಕೆಂದೊಡನೆ ಬೇಟೆ, ಯುದ್ಧಗಳು ನೆನಪಿಗೆ ಬರುವುದು ಸಹಜ. ಆದರೆ ಗುರಿಯಾಟವು ಕೊಲ್ಲುವ ವಿದ್ಯೆಯಲ್ಲ, ತನ್ನನ್ನು ತಾನು ಅಡಗಿಸಿಕೊಳ್ಳುವ ವಿದ್ಯೆ. ಭಾರತದಲ್ಲಿ ಇದಕ್ಕೆ ರಾಷ್ಟ್ರೀಯ ರೈಫಲ್ ಸಂಘ ಸ್ಥಾಪಿತವಾದುದು 1951ರಲ್ಲಿ. ಲೋಕಸಭೆಯ ಮೊದಲ ಸಭಾಧ್ಯಕ್ಷರಾದ ಜಿ. ವಿ. ಮಾವಳಂಕರರೇ ಅದರ ಪ್ರಥಮ ಅಧ್ಯಕ್ಷರು. ಏರ್ ರೈಫಲ್ ಸ್ಪರ್ಧೆಯಲ್ಲಿ ಗುರಿಹಲಗೆ ಹತ್ತು ಮೀಟರು ದೂರದಲ್ಲಿರುತ್ತದೆ. ಗುಂಡಿನ ಅಡ್ಡಳತೆ 4.5 ಮಿಲಿಮೀಟರು, ಹತ್ತು ಅಂಕದ ಬಿಂದುವಿನದು ಕೇವಲ ಅರ್ಧ ಮಿಲಿಮೀಟರು! ಉಸಿರೊಂದು ತಪ್ಪಿದರೂ ಅಂಕ ತಪ್ಪಿತು. ಮಗ್ಗದ ಮುಂದೆ ಕುಳಿತು ಒಂದೊಂದು ಎಳೆಯನ್ನೂ ಕಾಯುವ ನಮ್ಮ ಹಿರಿಯರಿಗೆ ಈ ಏಕಾಗ್ರತೆಯ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಸುಮಾ ಅವರು ಜನಿಸಿದುದು 1974ರಲ್ಲಿ, ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಚಿಕ್ಕಬಳ್ಳಾಪುರದಲ್ಲಿ. ಗುರಿಗಾರ್ತಿಯಾಗಿ ಬೆಳೆದುದು ಮಹಾರಾಷ್ಟ್ರದಲ್ಲಿ. 2002ರ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಅಂಜಲಿ ಭಾಗವತ್ ಅವರೊಡನೆ ಜೋಡಿ ಸ್ಪರ್ಧೆಯ ಚಿನ್ನವನ್ನೂ, ಒಂಟಿಯಾಗಿ ಬೆಳ್ಳಿಯನ್ನೂ ಗೆದ್ದರು. 2003ರಲ್ಲಿ ಅರ್ಜುನ ಪ್ರಶಸ್ತಿ ದೊರೆಯಿತು. 2004ರಲ್ಲಿ ಕೌಲಾಲಂಪುರದ ಏಷ್ಯನ್ ಪಂದ್ಯಾವಳಿಯ ಅರ್ಹತಾ ಸುತ್ತಿನಲ್ಲಿ ಹಾರಿಸಿದ ನಲವತ್ತು ಗುಂಡುಗಳೂ ಹತ್ತು ಹತ್ತು ಅಂಕ ತಂದು, ಮೊತ್ತವು 400ಕ್ಕೆ 400 ಆಯಿತು. ಅದಕ್ಕೆ ಮೇಲೆ ಹೋಗಲು ಆ ಕಾಲದ ಲೆಕ್ಕದಲ್ಲಿ ಸ್ಥಳವೇ ಇರಲಿಲ್ಲ.

ಆದರೆ ಪೂರ್ಣತೆಯನ್ನು ಮುಟ್ಟಿದವರಿಗೂ ಮರುದಿನದ ಪರೀಕ್ಷೆ ತಪ್ಪದು. ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸಿನಲ್ಲಿ ಎಂಟು ಮಂದಿಯ ಅಂತಿಮ ಸುತ್ತನ್ನು ಅವರು ಪ್ರವೇಶಿಸಿದರು. ದೊರೆತುದು ಎಂಟನೆಯ ಸ್ಥಾನ. ಅಲ್ಲಿಗೇ ಅವರು ಬಂದೂಕನ್ನು ಕೆಳಗಿಡಲಿಲ್ಲ. 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿಯೂ ಜೋಡಿ ಸ್ಪರ್ಧೆಯ ಕಂಚನ್ನು ಪಡೆದರು. ಮುಂದೆ ಅಂಕಗಳನ್ನು ದಶಾಂಶದಲ್ಲಿ ಎಣಿಸುವ ಪದ್ಧತಿ ಬಂದಿತು. 2018ರಿಂದ ಮಹಿಳೆಯರಿಗೂ ಅರವತ್ತು ಗುಂಡುಗಳಾದುವು. ಆ ನಾನೂರರ ಲೆಕ್ಕವೇ ಚರಿತ್ರೆಗೆ ಸೇರಿತು.

ದಾಖಲೆ ಚರಿತ್ರೆಗೆ ಸೇರಿದರೂ ವಿದ್ಯೆ ಸೇರಲಿಲ್ಲ. ಪನ್ವೇಲಿನಲ್ಲಿ ತಾವು ಸ್ಥಾಪಿಸಿದ ‘ಲಕ್ಷ್ಯ’ ಸಂಸ್ಥೆಯ ಮೂಲಕ ಅದನ್ನು ಅವರು ಕಿರಿಯರಿಗೆ ಧಾರೆಯೆರೆದರು. ಅವರ ಶಿಷ್ಯೆ ಅವನಿ ಲೇಖರಾ ಗಾಲಿಕುರ್ಚಿಯಲ್ಲಿದ್ದೇ ಗುರಿಯಿಟ್ಟು, 2021ರಲ್ಲಿ ನಡೆದ ಟೋಕಿಯೋ ಪ್ಯಾರಾಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ಪ್ರಥಮ ಭಾರತೀಯ ಮಹಿಳೆಯಾದರು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಮತ್ತೆ ಗೆದ್ದರು. ಗುರುವಿಗೆ 2022ರ ದ್ರೋಣಾಚಾರ್ಯ ಪ್ರಶಸ್ತಿ ಸಂದಿತು.

ಪರಪ್ರಾಂತದಲ್ಲಿ ನೆಲೆಸಿದವರ ಭಾಷೆಗೂ ಇದೇ ನ್ಯಾಯವೆಂದು ನಮ್ಮ ನಂಬುಗೆ. ಪೂರ್ವಿಕರ ಹಿರಿಮೆಯನ್ನು ಎಣಿಸುತ್ತ ಕುಳಿತರೆ ಅದು ಹಳೆಯ ಲೆಕ್ಕವಾಗಿಯೇ ಉಳಿಯುತ್ತದೆ. ಮಕ್ಕಳ ಕೈಗಿತ್ತರೆ ಮಾತ್ರ ಮುಂದುವರಿಯುತ್ತದೆ. ನಮ್ಮ ಮನೆಗಳ ಕನ್ನಡವನ್ನು ಓದುಬರಹಕ್ಕೆ ಏರಿಸುವುದೇ ನಮ್ಮೆದುರಿನ ಗುರಿ. ಬಿಂದು ಸಣ್ಣದು, ನಿಜ. ಆದರೆ ದೃಷ್ಟಿ ಚಲಿಸದಿರಲಿ.