ಇಂದ್ರಲಾಲ್ ರಾಯ್ ಅವರ ವೈಮಾನಿಕ ತರಬೇತಿ: 1917ರ ಡಿಸೆಂಬರ್ 6ರ ಘಟನೆಯ ಮರುಪರಿಶೀಲನೆ

ಮೊದಲ ಮಹಾಯುದ್ಧದ ವೈಮಾನಿಕ ಇಂದ್ರಲಾಲ್ ರಾಯ್ (1898–1918) ಅವರನ್ನು ಕುರಿತ ಜನಪ್ರಿಯ ಬರಹಗಳಲ್ಲಿ ಒಂದು ಕಥನ ಪರಿಶೀಲನೆಗೆ ಒಳಗಾಗದೆ ಕೈಯಿಂದ ಕೈಗೆ ದಾಟುತ್ತ ಬಂದಿದೆ. 1917ರ ಡಿಸೆಂಬರಿನಲ್ಲಿ ಜರ್ಮನ್ ವಿಮಾನವೊಂದು ಅವರನ್ನು ಹೊಡೆದುರುಳಿಸಿತು, ಎರಡು ಸೈನ್ಯಗಳ ನಡುವಣ ಬಯಲಿನಲ್ಲಿ ಅವರು ಮೂರು ದಿನ ಪ್ರಜ್ಞೆತಪ್ಪಿ ಬಿದ್ದಿದ್ದರು, ಸತ್ತರೆಂದು ಬಗೆದು ಶವಾಗಾರದಲ್ಲಿ ಮಲಗಿಸಿದಾಗ ಎಚ್ಚೆತ್ತು ಫ್ರೆಂಚಿನಲ್ಲಿ ಕೂಗುತ್ತ ಬಾಗಿಲು ಬಡಿದರು ಎಂಬುದು ಅದರ ಸಾರ. ಈ ಕಥೆಯ ಆಕರ್ಷಣೆಗೆ ಸಿಲುಕಿದವರು ಆ ಘಟನೆಯ ಹಿಂದೆಮುಂದೆ ಇರುವ ತರಬೇತಿಯ ದಾಖಲೆಯನ್ನು ಕಡೆಗಣಿಸಿದ್ದಾರೆ.

ಕಾಲಾನುಕ್ರಮದಲ್ಲಿ ವಿವಾದವಿಲ್ಲ. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿ ಓದಿದ ರಾಯ್, 1917ರ ಏಪ್ರಿಲ್‌ನಲ್ಲಿ, ಬ್ರಿಟಿಷರು ಒಂದೇ ತಿಂಗಳಲ್ಲಿ ಸುಮಾರು 245 ವಿಮಾನಗಳನ್ನು ಕಳೆದುಕೊಂಡ ಆ ದಿನಗಳಲ್ಲೇ, ಅಂದಿನ ಭೂಸೇನೆಯ ವಾಯುದಳವಾಗಿದ್ದ ರಾಯಲ್ ಫ್ಲೈಯಿಂಗ್ ಕೋರ್ ಸೇರಿದರು. ಜುಲೈನಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಫ್ರಾನ್ಸಿನ ವಾಂದೋಮ್‌ನಲ್ಲಿ ಹಾರಾಟವನ್ನೂ ಸ್ಕಾಟ್ಲೆಂಡಿನ ಟರ್ನ್‌ಬೆರಿಯಲ್ಲಿ ವಿಮಾನದಿಂದ ಬಂದೂಕು ಹಾರಿಸುವ ವಿದ್ಯೆಯನ್ನೂ ಕಲಿತು, ಅಕ್ಟೋಬರ್ 30ರಂದು 56ನೆಯ ಸ್ಕ್ವಾಡ್ರನ್‌ಗೆ ಬಂದರು. ಮೂರು ದಿನ ಮುಂಚೆ ಅದೇ ಸ್ಕ್ವಾಡ್ರನ್ ತನ್ನ ಹೆಸರಾಂತ ವೈಮಾನಿಕ ಆರ್ಥರ್ ರೈಸ್ ಡೇವಿಡ್ಸ್ ಅವರನ್ನು ಕಳೆದುಕೊಂಡಿತ್ತು. ಇಂಥ ದಳದಲ್ಲಿ, ಹತ್ತೊಂಬತ್ತು ತುಂಬಿ ನಾಲ್ಕೇ ದಿನವಾಗಿದ್ದ ರಾಯ್, ಡಿಸೆಂಬರ್ 6ರಂದು ತಮ್ಮ ಎಸ್.ಇ.5ಎ ವಿಮಾನ ನೆಲಕ್ಕಪ್ಪಳಿಸಿ ಗಾಯಗೊಂಡರು. ಆವರೆಗೆ ಅವರ ಹೆಸರಿನಲ್ಲಿ ಒಂದು ಗೆಲುವೂ ಇರಲಿಲ್ಲ.

ಪ್ರಚಲಿತ ಕಥನ ಇಲ್ಲಿ ನಿಲ್ಲುವುದಿಲ್ಲ. ಡಿಸೆಂಬರಿನ ಚಳಿಯಲ್ಲಿ, ಕಾಂಬ್ರೇ ಕದನ ಇನ್ನೂ ಮುಗಿಯದಿದ್ದಾಗ, ಗಾಯಾಳುವೊಬ್ಬ ಬಯಲಿನಲ್ಲಿ ಮೂರು ದಿನ ಪ್ರಜ್ಞೆಯಿಲ್ಲದೆ ಬಿದ್ದು ಬದುಕುಳಿದನೆಂಬುದನ್ನು ಒಪ್ಪಬೇಕಾದರೆ ದಂತಕಥೆಗಿಂತ ಗಟ್ಟಿಯಾದ ಆಧಾರ ಬೇಕು. ಶವಾಗಾರದ ಪ್ರಸಂಗ ನಿಜವೇ ಇರಬಹುದು. ಆದರೆ ವಿಮಾನ ಬಿದ್ದದ್ದು ಶತ್ರುವಿನ ಗುಂಡಿನಿಂದ ಎಂಬುದಕ್ಕೆ ಅದು ಸಾಕ್ಷಿಯಾಗದು, ಏಕೆಂದರೆ ಅಪಘಾತದಲ್ಲಿ ಪ್ರಜ್ಞೆತಪ್ಪಿದವನನ್ನೂ ಸತ್ತನೆಂದು ತಿಳಿಯುವುದುಂಟು.

ನಿರ್ಣಾಯಕವಾದದ್ದು ಜನಪ್ರಿಯ ಬರಹಗಾರರೆಲ್ಲ ಅರ್ಧ ವಾಕ್ಯದಲ್ಲಿ ಮುಗಿಸುವ ಮುಂದಿನ ಸಂಗತಿ: ರಾಯ್ ಅವರನ್ನು ಮತ್ತೆ ಟರ್ನ್‌ಬೆರಿಗೇ ತರಬೇತಿಗೆ ಕಳುಹಿಸಲಾಯಿತು. ಕಾದಾಡಿ ಗಾಯಗೊಂಡ ನುರಿತ ವೈಮಾನಿಕನಿಗೆ ಚಿಕಿತ್ಸೆ, ರಜೆ, ಹೆಚ್ಚೆಂದರೆ ಬೋಧಕನ ಹುದ್ದೆ ದೊರೆಯುವುದು ಸಹಜ. ಕಲಿತ ಪಾಠವನ್ನೇ ಮತ್ತೆ ಕಲಿಯಲು ಕಳುಹಿಸುವುದು ಕಲಿಕೆ ಸಾಲದೆಂದು ಮೇಲಧಿಕಾರಿಗಳು ಭಾವಿಸಿದಾಗ. ಇದನ್ನು ರಾಯ್ ಅವರ ಅವಹೇಳನವೆಂದು ಓದುವ ಅಭಿಮಾನಿಗಳು ಅಂದಿನ ಕಲಿಕೆಯ ಸ್ವರೂಪವನ್ನು ಬಲ್ಲವರಲ್ಲ. ಎಸ್.ಇ.5ಎ ಒಬ್ಬರೇ ಕೂರುವ ವಿಮಾನವಾದ್ದರಿಂದ ಅದನ್ನು ಏರಿದ ಮೊದಲ ದಿನವೇ ಶಿಷ್ಯ ಒಂಟಿಯಾಗಿರುತ್ತಿದ್ದನು. ಅದರ ಎರಡು ಬಂದೂಕುಗಳಲ್ಲಿ ಒಂದು ತಿರುಗುವ ಪಂಖದ ಎಲೆಗಳ ನಡುವೆ ಗುಂಡು ಹಾರಿಸುತ್ತಿತ್ತು. ಇನ್ನೊಂದು, ಲೂಯಿಸ್ ಬಂದೂಕು, ಮೇಲಿನ ರೆಕ್ಕೆಯ ಮೇಲಿತ್ತು. ಅದರ 97 ಗುಂಡುಗಳ ಡಬ್ಬಿ ಬರಿದಾದಾಗ ವೈಮಾನಿಕನು ಬಂದೂಕನ್ನು ಕಂಬಿಯ ಮೇಲೆ ಕೆಳಕ್ಕೆಳೆದು, ವಿಮಾನದ ಚಾಲನದಂಡವನ್ನು ಮೊಣಕಾಲುಗಳ ನಡುವೆ ಹಿಡಿದು, ಮುಖಕ್ಕೆ ಬಡಿಯುವ ಗಾಳಿಯಲ್ಲಿ ಹೊಸ ಡಬ್ಬಿ ಕೂರಿಸಬೇಕಿತ್ತು. ಅವಳಿ ಚಾಲನದಂಡಗಳ ಆವ್ರೊ 504 ವಿಮಾನದಲ್ಲಿ, ಮಾತಿನ ಕೊಳವೆಯ ಮೂಲಕ ಗುರುವಿನ ಸೂಚನೆ ಕೇಳುತ್ತ, ಬೇಕೆಂದೇ ಗಿರಕಿಗೆ ಬಿದ್ದು ಸಾವರಿಸಿಕೊಳ್ಳುವುದನ್ನು ಕಲಿಸುವ ರಾಬರ್ಟ್ ಸ್ಮಿತ್-ಬ್ಯಾರಿ ಅವರ ಶಾಲೆ ಗಾಸ್‌ಪೋರ್ಟ್‌ನಲ್ಲಿ ಆರಂಭವಾದದ್ದು 1917ರ ಆಗಸ್ಟಿನಲ್ಲಿ. ರಾಯ್ ಅವರ ಮೊದಲ ಕಲಿಕೆಯ ಬಹುಭಾಗ ಆ ಕ್ರಮ ಎಲ್ಲೆಡೆ ಹರಡುವ ಮುನ್ನವೇ ಮುಗಿದಿತ್ತು.

ಟರ್ನ್‌ಬೆರಿಯ ಬಳಿಕ ವೈದ್ಯರು ಅವರನ್ನು ಅನರ್ಹರೆಂದರು. ರಾಯ್ ಆ ತೀರ್ಪನ್ನು ಬದಲಾಯಿಸಿಕೊಂಡು 1918ರ ಜೂನ್‌ನಲ್ಲಿ 40ನೆಯ ಸ್ಕ್ವಾಡ್ರನ್ ಸೇರಿ, ಜಾರ್ಜ್ ಮ್ಯಾಕೆಲ್ರಾಯ್ ಅವರ ತುಕಡಿಯಲ್ಲಿ ಹಾರಿದರು. ಜುಲೈ 6ರಿಂದ 19ರವರೆಗೆ ಹತ್ತು ಗೆಲುವುಗಳು ಅವರ ಲೆಕ್ಕಕ್ಕೆ ಬಂದವು. (ಅವರಿಗೆ ದೊರೆತ ಶೌರ್ಯಪದಕದ ಪ್ರಶಸ್ತಿಪತ್ರದಲ್ಲಿ ಒಂಬತ್ತು ಎಂದಿದೆ, ಇತಿಹಾಸಕಾರರು ಹತ್ತನ್ನು ಒಪ್ಪುತ್ತಾರೆ.) ಹೊಡೆದದ್ದು ಅದೇ ಬಗೆಯ ಎಸ್.ಇ.5ಎ ವಿಮಾನದಲ್ಲಿ. ಹುಟ್ಟು ಪ್ರತಿಭೆ ಒಂದೇ ಇದಕ್ಕೆ ಕಾರಣವೆನ್ನುವವರು, ಅದೇ ಪ್ರತಿಭೆ ಹಿಂದಿನ ನವೆಂಬರಿನಲ್ಲಿ ಏಕೆ ಕೆಲಸ ಮಾಡಲಿಲ್ಲವೆಂಬುದಕ್ಕೆ ಉತ್ತರ ಹೇಳಬೇಕು. ಚೇತರಿಸಿಕೊಳ್ಳುವಾಗ ಅವರು ಬರೆದ ವಿಮಾನಗಳ ರೇಖಾಚಿತ್ರಗಳು ಇಂದಿಗೂ ಉಳಿದಿವೆ. ಅವುಗಳನ್ನು ಕಲಾಭಿರುಚಿಯ ಕುರುಹಾಗಿ ಮಾತ್ರ ನೋಡದೆ ವಿದ್ಯಾರ್ಥಿಯ ಅಭ್ಯಾಸವೆಂದೂ ಪರಿಶೀಲಿಸುವುದು ಅಗತ್ಯ.

ಜುಲೈ 22ರಂದು ಕಾರ್ವಾಂ ಮೇಲಿನ ಕಾದಾಟದಲ್ಲಿ ರಾಯ್ ಮಡಿದರು. ಶತ್ರು ಅವರನ್ನು ಹೊಡೆದುರುಳಿಸಿದ್ದು ಅಂದು. ಡಿಸೆಂಬರ್ 6ರ ಘಟನೆಯನ್ನು, ಇದಕ್ಕೆ ವಿರುದ್ಧವಾದ ಸಮಕಾಲೀನ ದಾಖಲೆಯನ್ನು ಯಾರಾದರೂ ಮುಂದಿಡುವವರೆಗೆ, ಅರೆಬರೆ ಕಲಿಕೆಯೊಂದಿಗೆ ರಣರಂಗಕ್ಕೆ ಬಂದ ತರುಣನ ಅಪಘಾತವೆಂದೇ ಮುಂದಿನ ಚರಿತ್ರಕಾರರು ದಾಖಲಿಸಬೇಕು.