ಕ್ಯಾಸನೂರು ಕಾಡಿನ ಕಾಯಿಲೆಯ ಲಸಿಕೆ

ಕ್ಯಾಸನೂರು ಕಾಡಿನ ಕಾಯಿಲೆ ಎಂಬ ವೈರಸ್ ಜ್ವರವನ್ನು ತಡೆಯಲು 1960ರ ದಶಕದಲ್ಲಿ ಪುಣೆಯಲ್ಲಿ ರೂಪುಗೊಂಡು, 2022ರವರೆಗೆ ಕರ್ನಾಟಕದ ಮಲೆನಾಡಿನಲ್ಲಿ ಬಳಕೆಯಲ್ಲಿದ್ದ ನಿಷ್ಕ್ರಿಯ ವೈರಸ್ ಲಸಿಕೆ. ಅದರ ಸ್ಥಾನಕ್ಕೆ ಸಿದ್ಧವಾಗುತ್ತಿರುವ ಹೊಸ ಲಸಿಕೆಗಳನ್ನೂ ಈ ಲೇಖನದಲ್ಲಿ ಪರಿಚಯಿಸಲಾಗಿದೆ. ಈ ರೋಗಕ್ಕೆ ಜನಬಳಕೆಯಲ್ಲಿ ಮಂಗನ ಕಾಯಿಲೆ ಎಂದೂ ಆರೋಗ್ಯ ಇಲಾಖೆಯಲ್ಲಿ ಕೆಎಫ್‌ಡಿ ಎಂದೂ ಹೆಸರು. ಎರಡು ಕಾರಣಗಳಿಗಾಗಿ ಈ ಲಸಿಕೆಗೆ ಮಹತ್ವವಿದೆ. ಭಾರತದಲ್ಲಿ ಮೊದಲು ಪತ್ತೆಯಾದ ವೈರಸ್ಸಿಗೆ ಭಾರತದಲ್ಲೇ ಸಂಶೋಧಿಸಿ, ತಯಾರಿಸಿ, ಹಳ್ಳಿಗಳಲ್ಲಿ ಪರೀಕ್ಷಿಸಿದ ಲಸಿಕೆ ಇದು. ಒಮ್ಮೆ ಅಳೆದ ಪರಿಣಾಮವನ್ನೇ ದಶಕಗಳ ಕಾಲ ನಂಬಿಕೊಂಡರೆ ರೋಗತಡೆ ಕಾರ್ಯಕ್ರಮ ಎಲ್ಲಿಗೆ ತಲುಪುತ್ತದೆ ಎಂಬುದನ್ನೂ ಇದರ ಇತಿಹಾಸ ತೋರಿಸುತ್ತದೆ.

ರೋಗದ ಪತ್ತೆ

ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ 1957ರ ಬೇಸಿಗೆಯಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಕಾಡಂಚಿನ ಹಳ್ಳಿಗಳ ಜನರಿಗೆ ಅದೇ ಹೊತ್ತಿಗೆ ತೀವ್ರ ಜ್ವರ ಕಾಣಿಸಿಕೊಂಡಿತು. ಮಂಗಗಳ ಸಾವು ಹಳದಿ ಜ್ವರದ ಲಕ್ಷಣವೂ ಆಗಿದ್ದುದರಿಂದ, ಏಷ್ಯಾದಲ್ಲಿ ಎಂದೂ ಕಾಣದ ಆ ರೋಗ ಭಾರತಕ್ಕೆ ಬಂದಿತೇ ಎಂಬ ಆತಂಕ ಮೊದಲಿಗೆ ಎದ್ದಿತು. ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಜೊತೆಗೂಡಿ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನಾ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಪಿಡೊ ಮತ್ತು ಸಂಗಡಿಗರು ಸ್ಥಳಕ್ಕೆ ಬಂದು ತನಿಖೆ ನಡೆಸಿದರು. ಮಂಗದಿಂದ ಬೇರ್ಪಡಿಸಿದ ವೈರಸ್ಸು ಹಳದಿ ಜ್ವರದ್ದಾಗಿರಲಿಲ್ಲ. ಅದು ರಷ್ಯಾದ ವಸಂತ-ಗ್ರೀಷ್ಮ ಮಿದುಳುಜ್ವರದ ವೈರಸ್ಸಿನ ಹತ್ತಿರದ ಸಂಬಂಧಿಯಾಗಿತ್ತು. ಮೊದಲ ವರ್ಷ 466 ಮಂದಿ, ಮರುವರ್ಷ 181 ಮಂದಿ ರೋಗಕ್ಕೆ ತುತ್ತಾದರೆಂದು ದಾಖಲಾಗಿದೆ.

ಸೈಬೀರಿಯಾದ ಕಡೆಯಿಂದ ವಲಸೆ ಬರುವ ಹಕ್ಕಿಗಳು ಈ ವೈರಸ್ಸನ್ನು ತಂದಿರಬಹುದೆಂಬ ಊಹೆ ಆಗ ಬಲವಾಗಿತ್ತು. ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕೈಗೊಂಡ ಹಕ್ಕಿಗಳ ಕಾಲಿಗೆ ಬಳೆ ತೊಡಿಸುವ ಯೋಜನೆಗೆ ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆಯಲು ಈ ಊಹೆಯೂ ಒಂದು ಕಾರಣ. ಆದರೆ ಹಕ್ಕಿಗಳೇ ವೈರಸ್ಸನ್ನು ತಂದವೆಂಬುದಕ್ಕೆ ದೃಢವಾದ ಪುರಾವೆ ಸಿಗಲಿಲ್ಲ. ವೈರಸ್ಸಿನ ವಯಸ್ಸಿನ ಬಗ್ಗೆಯೂ ಒಮ್ಮತವಿಲ್ಲ. 2009ರ ಒಂದು ವಂಶವಾಹಿ ಅಧ್ಯಯನವು ಈಗಿನ ತಳಿಗಳ ಸಮಾನ ಮೂಲವನ್ನು 1940ರ ದಶಕದ ಸುಮಾರಿಗೆ ಗುರುತಿಸಿದರೆ, ಸೌದಿ ಅರೇಬಿಯಾದ ಅಲ್‌ಖುರ್ಮಾ ವೈರಸ್ಸನ್ನೂ ಸೇರಿಸಿ ಲೆಕ್ಕ ಹಾಕಿದ 2011ರ ಅಧ್ಯಯನವು ಈ ಎರಡು ವೈರಸ್‌ಗಳು ಕವಲೊಡೆದು ಹಲವು ಶತಮಾನಗಳೇ ಆಗಿವೆ ಎಂದಿತು.

ಹರಡುವಿಕೆ ಮತ್ತು ಲಕ್ಷಣಗಳು

ಫ್ಲಾವಿವೈರಸ್ ಕುಟುಂಬಕ್ಕೆ ಸೇರಿದ ಈ ವೈರಸ್ಸಿನ ಮುಖ್ಯ ವಾಹಕ ಹೀಮಫೈಸಾಲಿಸ್ ಸ್ಪಿನಿಜೆರಾ ಎಂಬ ಕಾಡಿನ ಉಣುಗು. ಮಳೆಗಾಲದಲ್ಲಿ ಬೆಳೆದ ಉಣುಗುಗಳು ದನಕರುಗಳ ಮತ್ತು ದೊಡ್ಡ ಕಾಡುಪ್ರಾಣಿಗಳ ರಕ್ತ ಹೀರಿ, ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತವೆ. ಮಳೆ ಹಿಂದೆಗೆಯುವ ಹೊತ್ತಿಗೆ ಹೊರಬರುವ ಆರು ಕಾಲಿನ ಮರಿಗಳು ಇಲಿ, ಸುಂಡಿಲಿ, ಹಕ್ಕಿ, ಮಂಗಗಳಿಗೆ ಹತ್ತುತ್ತವೆ. ನವೆಂಬರಿನಿಂದ ಮೇ ತನಕ ಎಂಟು ಕಾಲಿನ ಎಳೆಯ ಉಣುಗುಗಳ ಕಾಲ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವವು ಇವೇ. ರೋಗದ ಋತುವೂ ಅದೇ ಆಗಿರುವುದು ಈ ಕಾರಣದಿಂದ. ಅಡಿಕೆ ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಸೌದೆ ತರಲು ಮಲೆನಾಡಿನ ಜನ ಕಾಡಿಗೆ ಹೋಗುವುದು ಈ ಒಣ ತಿಂಗಳುಗಳಲ್ಲೇ.

ಮುಸಿಯ ಮತ್ತು ಕೆಂಪು ಮೋರೆಯ ಸಾಮಾನ್ಯ ಮಂಗಗಳೆರಡೂ ಈ ವೈರಸ್ಸಿಗೆ ಬಲಿಯಾಗುತ್ತವೆ. ಮಂಗ ಸತ್ತು ಬಿದ್ದಲ್ಲಿ ಅದರ ಮೈಮೇಲಿದ್ದ ಸೋಂಕಿತ ಉಣುಗುಗಳು ನೆಲಕ್ಕಿಳಿಯುವುದರಿಂದ ಆ ಜಾಗ ಅಪಾಯದ ತಾಣವಾಗುತ್ತದೆ. ದನಗಳಲ್ಲಿ ವೈರಸ್ ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲ. ಆದರೆ ಉಣುಗಿನ ಸಂಖ್ಯೆ ಏರುವುದಕ್ಕೆ ಅವು ದೊಡ್ಡ ಆಸರೆ. ಕಾಡಿನೊಳಗೆ ಬೇಸಾಯ, ದನಗಳ ಮೇಯುವಿಕೆ ಹೆಚ್ಚಿದಂತೆ ರೋಗ ಹಬ್ಬಿತೆಂಬ ಹೋರ್ಹೆ ಬೊಷೆಲ್ ಅವರ 1969ರ ವಿವರಣೆ ಇಂದಿಗೂ ಹೆಚ್ಚು ಒಪ್ಪಿತವಾದುದು. ಮನುಷ್ಯರಿಂದ ಮನುಷ್ಯರಿಗೆ ಈ ರೋಗ ಹರಡಿದ ದಾಖಲೆಯಿಲ್ಲ.

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಚಳಿಜ್ವರ, ತಲೆನೋವು, ಸಹಿಸಲಾಗದ ಸೊಂಟ-ಸ್ನಾಯು ನೋವು, ಕಣ್ಣು ಕೆಂಪಾಗುವುದು, ವಾಂತಿ ಕಾಣಿಸುತ್ತವೆ. ಕೆಲವರಲ್ಲಿ ಮೂಗು, ಒಸಡು, ಕರುಳಿನಿಂದ ರಕ್ತಸ್ರಾವವಾಗುತ್ತದೆ. ಶೇಕಡಾ 10ರಿಂದ 20 ರೋಗಿಗಳಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳ ನಂತರ ಮರಳಿ ಬಂದು, ನರಮಂಡಲದ ತೊಂದರೆಗಳು ತಲೆದೋರಬಹುದು. ಮರಣ ಪ್ರಮಾಣ ಸಾಮಾನ್ಯವಾಗಿ ಶೇಕಡಾ 3ರಿಂದ 5.

ಲಸಿಕೆಯ ಇತಿಹಾಸ

ಎರವಲು ಲಸಿಕೆ: ಹೊಸ ವೈರಸ್ಸು ರಷ್ಯಾದ ವೈರಸ್ಸಿಗೆ ಹತ್ತಿರದ್ದೆಂದು ತಿಳಿದಾಗ, ಆ ರೋಗಕ್ಕೆ ಆಗಲೇ ಇದ್ದ ಲಸಿಕೆ ಇಲ್ಲಿಯೂ ನಾಟಬಹುದೆಂಬ ನಿರೀಕ್ಷೆ ಸಹಜವಾಗಿತ್ತು. ಇಲಿಯ ಮಿದುಳಿನಲ್ಲಿ ವೈರಸ್ ಬೆಳೆಸಿ ಫಾರ್ಮಲಿನ್‌ನಿಂದ ಕೊಂದು ತಯಾರಿಸಿದ ಆ ಲಸಿಕೆಯನ್ನು 1950ರ ದಶಕದ ಕೊನೆಯಲ್ಲಿ ರೋಗಪೀಡಿತ ಹಳ್ಳಿಗಳ ಸುಮಾರು 4,000 ಮಂದಿಗೆ ನೀಡಲಾಯಿತು. ರಕ್ಷಣೆ ಸಿಗಲಿಲ್ಲ. ಪ್ರಯೋಗಾಲಯದ ರಕ್ತಪರೀಕ್ಷೆಯಲ್ಲಿ ಎರಡು ವೈರಸ್‌ಗಳು ಒಂದನ್ನೊಂದು ಹೋಲುವುದು ಬೇರೆ, ಒಂದರ ಲಸಿಕೆ ಇನ್ನೊಂದನ್ನು ತಡೆಯುವುದು ಬೇರೆ ಎಂಬುದು ಈ ಸೋಲಿನಿಂದ ಸ್ಪಷ್ಟವಾಯಿತು.

ಸ್ವಂತ ಲಸಿಕೆ: ಮುಂದಿನ ಹೆಜ್ಜೆಯಾಗಿ ಕ್ಯಾಸನೂರು ವೈರಸ್ಸನ್ನೇ ಇಲಿಯ ಮಿದುಳಿನಲ್ಲಿ ಬೆಳೆಸಿ ಲಸಿಕೆ ಮಾಡಲು ಯತ್ನಿಸಲಾಯಿತು. ಮಿದುಳಿನ ಅಂಗಾಂಶದಿಂದ ಮಾಡಿದ ಯಾವುದೇ ಲಸಿಕೆಯಿಂದ ನರಗಳಿಗೆ ಸಂಬಂಧಿಸಿದ ಅಡ್ಡಪರಿಣಾಮದ ಅಂಜಿಕೆ ಇದ್ದೇ ಇರುತ್ತದೆ. ಮನಶಾರಾಮಾನಿ, ದಾಂಡವತೆ, ಕೃಷ್ಣಮೂರ್ತಿ ಅವರ ತಂಡ 1960ರ ದಶಕದ ನಡುವಿನಲ್ಲಿ ಈ ದಾರಿಯನ್ನು ಬಿಟ್ಟು, ಕೋಳಿ ಭ್ರೂಣದ ನಾರುಕೋಶಗಳಲ್ಲಿ ವೈರಸ್ ಬೆಳೆಸುವ ವಿಧಾನವನ್ನು ರೂಪಿಸಿತು. ಇದಕ್ಕೆ ಆಯ್ದದ್ದು ರೋಗಿಯೊಬ್ಬರಿಂದ ಬೇರ್ಪಡಿಸಿದ್ದ ಪಿ 9605 ಎಂಬ ತಳಿ. ಸ್ವಯಂಸೇವಕರಲ್ಲಿ ಪ್ರತಿಕಾಯ ಹುಟ್ಟುವುದನ್ನು ಮೊದಲು ಪರೀಕ್ಷಿಸಿ, ಬಳಿಕ ಸಾಗರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಹಳ್ಳಿಮಟ್ಟದ ಬಳಕೆಗೆ ತರಲಾಯಿತು. ವೈರಸ್ಸಿನ ಬಲ ಕುಗ್ಗಿಸಿ ಜೀವಂತ ಲಸಿಕೆ ಮಾಡುವ ಸಂಶೋಧನೆಯೂ 1970ರ ದಶಕದಲ್ಲಿ ನಡೆಯಿತು. ಅದು ಮನುಷ್ಯರ ಬಳಕೆಯ ಹಂತಕ್ಕೆ ಬರಲಿಲ್ಲ.

ತಯಾರಿಕೆ ಮತ್ತು ಬಲಪರೀಕ್ಷೆ: ಮುಂದಿನ ಎಲ್ಲ ತೊಡಕುಗಳ ಬೇರು ಇಲ್ಲಿರುವುದರಿಂದ ಈ ಭಾಗಕ್ಕೆ ವಿವರ ಬೇಕು. ಕೋಳಿ ಭ್ರೂಣದ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಪದರವಾಗಿ ಬೆಳೆಸಿ, ಅದಕ್ಕೆ ವೈರಸ್ ಸೋಂಕಿಸಿ, ಕೋಶಗಳು ಒಡೆದು ಹೊರಬಂದ ವೈರಸ್ ಇರುವ ದ್ರವವನ್ನು ಸಂಗ್ರಹಿಸಿ, ಫಾರ್ಮಲಿನ್ ಬೆರೆಸಿ ನಿಷ್ಕ್ರಿಯಗೊಳಿಸುತ್ತಿದ್ದರು. ಫಾರ್ಮಲಿನ್ ಕಡಿಮೆಯಾದರೆ ಜೀವಂತ ವೈರಸ್ ಉಳಿಯುವ ಅಪಾಯ. ಹೆಚ್ಚಾದರೆ, ರೋಗನಿರೋಧಕ ವ್ಯವಸ್ಥೆ ಗುರುತು ಹಿಡಿಯಬೇಕಾದ ಹೊರಕವಚದ ಪ್ರೋಟೀನು ರೂಪಗೆಡುತ್ತದೆ. ನಿಷ್ಕ್ರಿಯ ವೈರಸ್ ದೇಹದಲ್ಲಿ ಬೆಳೆಯುವುದಿಲ್ಲವಾದ್ದರಿಂದ, ಚುಚ್ಚಿದ ದ್ರವದಲ್ಲಿ ಎಷ್ಟು ಒಳ್ಳೆಯ ಕವಚ ಇತ್ತೋ ಅಷ್ಟೇ ರಕ್ಷಣೆ. ಆದ್ದರಿಂದ ಒಂದೊಂದು ಬ್ಯಾಚಿನ ಲಸಿಕೆಯನ್ನೂ ಇಲಿಗಳಿಗೆ ಚುಚ್ಚಿ, ಬಳಿಕ ಅವಕ್ಕೆ ಜೀವಂತ ವೈರಸ್ ಕೊಟ್ಟು, ಲಸಿಕೆ ಪಡೆಯದ ಇಲಿಗಳಿಗಿಂತ ಎಷ್ಟು ಹೆಚ್ಚು ಪ್ರಮಾಣದ ವೈರಸ್ಸನ್ನು ತಾಳಿಕೊಳ್ಳುತ್ತವೆ ಎಂದು ಅಳೆಯಬೇಕಿತ್ತು. ಈ ಪರೀಕ್ಷೆ ನಿಧಾನದ್ದು, ಏರುಪೇರುಗಳಿಂದ ಕೂಡಿದ್ದು. ಜೀವಂತ ವೈರಸ್ಸಿನ ಕೆಲಸ ಅಪಾಯಕಾರಿಯೂ ಹೌದು. ಪುಣೆಯ ಕೇಂದ್ರದ ಅನೇಕ ಸಿಬ್ಬಂದಿ ಪ್ರಯೋಗಾಲಯದಲ್ಲೇ ಈ ಸೋಂಕಿಗೆ ಒಳಗಾಗಿದ್ದರು. ಮುಂದೆ ಲಸಿಕೆಯನ್ನು ತಯಾರಿಸುವ ಹೊಣೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಬಂತು. ಬಳಸಿದ ತಳಿ ಮತ್ತು ವಿಧಾನ ಮೂಲತಃ ಹಳೆಯವೇ.

1990–92ರ ಕ್ಷೇತ್ರ ಪ್ರಯೋಗ: ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ 88,152 ಮಂದಿಯನ್ನು ಒಳಗೊಂಡು ನಡೆದ ಪ್ರಯೋಗದ ಫಲಿತಾಂಶವನ್ನು ದಾಂಡವತೆ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದರು. ಒಂದು ಡೋಸ್‌ನಿಂದ ಶೇಕಡಾ 79.3, ಎರಡು ಡೋಸ್‌ಗಳಿಂದ ಶೇಕಡಾ 93.5ರಷ್ಟು ರಕ್ಷಣೆ ಎಂಬುದು ಅದರ ಸಾರ. ಈ ಅಂಕಿಗಳು ಬಂದದ್ದು ಲಸಿಕೆ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿದ್ದರಿಂದ. ಈ ಬಗೆಯ ಹೋಲಿಕೆಯಲ್ಲಿ ಎರಡು ಗುಂಪಿನವರೂ ಸಮಾನವಾಗಿ ಕಾಡಿಗೆ ಹೋಗುತ್ತಿದ್ದರೇ ಎಂಬ ಪ್ರಶ್ನೆ ಉಳಿಯುತ್ತದೆ. ಹಾಗಿದ್ದರೂ ಇಷ್ಟು ದೊಡ್ಡ ಪ್ರಮಾಣದಲ್ಲಿ ನಡೆದ ಪ್ರಯೋಗ ಆ ಕಾಲಕ್ಕೆ ಸಣ್ಣ ಸಾಧನೆಯಲ್ಲ. ಲಸಿಕೆ ಕಾರ್ಯಕ್ರಮ ಮುಂದಿನ ಎರಡು ದಶಕ ನಿಂತದ್ದು ಮುಖ್ಯವಾಗಿ ಈ ಫಲಿತಾಂಶದ ಮೇಲೆ.

ಪರಿಣಾಮದ ಕುಸಿತ: ರೋಗ ಕಾಣಿಸಿದ ಸ್ಥಳದಿಂದ 5 ಕಿಲೋಮೀಟರ್ ಒಳಗಿನ ಹಳ್ಳಿಗಳಲ್ಲಿ 7ರಿಂದ 65 ವರ್ಷದವರಿಗೆ ತಿಂಗಳ ಅಂತರದಲ್ಲಿ ಎರಡು ಡೋಸ್, 6ರಿಂದ 9 ತಿಂಗಳ ಒಳಗೆ ಬೂಸ್ಟರ್, ಬಳಿಕ ಐದು ವರ್ಷ ವರ್ಷಕ್ಕೊಂದು ಬೂಸ್ಟರ್ ಎಂಬುದು ಪಾಲಿಸಬೇಕಾದ ಕ್ರಮವಾಗಿತ್ತು. ಚುಚ್ಚಿದ ಜಾಗದಲ್ಲಿ ತುಂಬ ನೋವಾಗುತ್ತಿದ್ದುದರಿಂದ ಒಮ್ಮೆ ಹಾಕಿಸಿಕೊಂಡವರು ಮತ್ತೆ ಬರಲು ಹಿಂಜರಿಯುತ್ತಿದ್ದರು. 2005ರಿಂದ 2010ರ ದಾಖಲೆಗಳನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಕಸಬಿ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಎರಡು ಡೋಸ್‌ಗಳ ಪರಿಣಾಮ ಶೇಕಡಾ 62.4, ಬೂಸ್ಟರ್ ಸೇರಿದರೆ ಶೇಕಡಾ 82.9. ಒಂದೇ ಡೋಸ್‌ನಿಂದ ಪ್ರಯೋಜನ ಕಾಣಲಿಲ್ಲ. 2011–12ರ ಹಾವಳಿಯ ಅಧ್ಯಯನದಲ್ಲಿ ಪರಿಣಾಮ ಇನ್ನೂ ಕಡಿಮೆಯೆಂದು ವರದಿಯಾಯಿತು.

ಕಾರಣದ ಬಗ್ಗೆ ಎರಡು ವಾದಗಳಿವೆ. ವೈರಸ್ಸು ಬದಲಾಗಿ ಹಳೆಯ ತಳಿಯ ಲಸಿಕೆಗೆ ಸಿಗದಂತಾಗಿದೆ ಎಂಬುದು ಒಂದು. ಆದರೆ ಐದು ದಶಕಗಳ ತಳಿಗಳನ್ನು ಹೋಲಿಸಿದ ಅಧ್ಯಯನದಲ್ಲಿ ಕಂಡ ವ್ಯತ್ಯಾಸ ಅತ್ಯಲ್ಪವಾದ್ದರಿಂದ ಈ ವಾದ ದುರ್ಬಲ. ಲಸಿಕೆಯ ಬಲ ಬ್ಯಾಚಿನಿಂದ ಬ್ಯಾಚಿಗೆ ಕುಂದಿತ್ತು, ಅದನ್ನು ಕಟ್ಟುನಿಟ್ಟಾಗಿ ಅಳೆಯುವ ವ್ಯವಸ್ಥೆ ಸಾಲದಾಗಿತ್ತು ಎಂಬುದು ಎರಡನೆಯದು; ಲಭ್ಯ ಮಾಹಿತಿ ಇದರ ಕಡೆಗೇ ವಾಲುತ್ತದೆ. ಈ ಲಸಿಕೆಯ ಬಳಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು.

ಹೊಸ ಲಸಿಕೆಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸಂಸ್ಥೆಯೂ ಸೇರಿ ಹೊಸ ಲಸಿಕೆಯನ್ನು ಅಭಿವೃದ್ಧಿಪಡಿಸುತ್ತಿವೆ. ಲಸಿಕೆ ಮತ್ತು ಔಷಧಗಳನ್ನು ಪರೀಕ್ಷಿಸಲು ಬೇಕಾದ ಮಂಗಗಳ ಮಾದರಿಯನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ರೂಪಿಸಿದೆ. 1952ರ ವೈರಸ್ ಸಂಶೋಧನಾ ಕೇಂದ್ರಕ್ಕೆ 1978ರಿಂದ ಇರುವ ಹೆಸರೇ ಇದು.

ಅಮೆರಿಕದ ಮೊಂಟಾನಾದಲ್ಲಿರುವ ರಾಕಿ ಮೌಂಟನ್ ಪ್ರಯೋಗಾಲಯದಲ್ಲಿ ಹೈನ್ಸ್ ಫೆಲ್ಡ್‌ಮನ್ ತಂಡ ಬೇರೆ ದಾರಿ ಹಿಡಿದಿದೆ. ದನಕರುಗಳ ಬಾಯಲ್ಲಿ ಗುಳ್ಳೆ ಎಬ್ಬಿಸುವ ವೆಸಿಕ್ಯುಲಾರ್ ಸ್ಟೊಮಟೈಟಿಸ್ ವೈರಸ್ಸಿನ ಹೊರ ಪ್ರೋಟೀನನ್ನು ತೆಗೆದು ಅಲ್ಲಿ ಕ್ಯಾಸನೂರು ವೈರಸ್ಸಿನ ಕವಚದ ಪ್ರೋಟೀನನ್ನು ಕೂರಿಸಿದ ಜೀವಂತ ಲಸಿಕೆ ಅದು. 2019ರಲ್ಲಿ ಮಾನ್ಯತೆ ಪಡೆದ ಎಬೋಲಾ ಲಸಿಕೆಯದೂ ಇದೇ ತಂತ್ರ. 2021ರಲ್ಲಿ ಪ್ರಕಟವಾದ ಇಲಿಗಳ ಪ್ರಯೋಗದಲ್ಲಿ, ನಂತರ ಮಂಗಗಳ ಪ್ರಯೋಗದಲ್ಲಿ ಒಂದೇ ಡೋಸ್ ರಕ್ಷಣೆ ಕೊಟ್ಟಿತು. ಪದೇ ಪದೇ ಬೂಸ್ಟರ್ ಬೇಡವಾದರೆ ಮಲೆನಾಡಿನ ಚದುರಿದ ಮನೆಗಳಿಗೆ ಅದರಿಂದ ದೊಡ್ಡ ಅನುಕೂಲ. ಮನುಷ್ಯರಲ್ಲಿ ಇದೇ ಫಲ ಸಿಗುವುದೆಂದು ಈಗಲೇ ಹೇಳಲಾಗದು.

ವ್ಯಾಪ್ತಿಯ ವಿಸ್ತರಣೆ

ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ 1983ರ ಸುಮಾರಿಗೆ ಕಾಡು ಕಡಿದ ಪ್ರದೇಶದಲ್ಲಿ ಹಾವಳಿ ಎದ್ದು, ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಕರ್ನಾಟಕದ ಆಚೆಗೆ ಈ ರೋಗ ಖಚಿತವಾಗಿ ಕಂಡದ್ದು 2012ರ ನಂತರ: ನೀಲಗಿರಿ, ಕೇರಳದ ವಯನಾಡು ಮತ್ತು ಮಲಪ್ಪುರಂ, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ. ಕರ್ನಾಟಕದೊಳಗೇ ಬಂಡೀಪುರದಲ್ಲೂ 2012ರಲ್ಲಿ ಪತ್ತೆಯಾಯಿತು. ಇದು ಹೊಸದಾಗಿ ಹಬ್ಬಿದ್ದೋ, ಮೊದಲೇ ಇದ್ದು ಪರೀಕ್ಷೆ ಸುಲಭವಾದ ಮೇಲೆ ಕಣ್ಣಿಗೆ ಬಿದ್ದದ್ದೋ ಎಂಬುದು ಚರ್ಚೆಯಲ್ಲಿದೆ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಸಾವುನೋವಾಯಿತು.

ರೋಗಪತ್ತೆ

ಹಿಂದೆ ರೋಗಿಯ ರಕ್ತವನ್ನು ಮರಿ ಇಲಿಗಳಿಗೆ ಚುಚ್ಚಿ ವೈರಸ್ ಬೆಳೆಯುವುದನ್ನು ಕಾಯಬೇಕಿತ್ತು. 2012ರ ಹೊತ್ತಿಗೆ ರಾಷ್ಟ್ರೀಯ ವೈರಾಣು ಸಂಸ್ಥೆ ರೂಪಿಸಿದ ಆರ್‌ಟಿ-ಪಿಸಿಆರ್ ಪರೀಕ್ಷೆ ಮತ್ತು ಪ್ರತಿಕಾಯ ಗುರುತಿಸುವ ಎಲೈಸಾ ಪರೀಕ್ಷೆ ಬಂದ ಮೇಲೆ ಜ್ವರದ ಮೊದಲ ದಿನಗಳಲ್ಲೇ ಖಚಿತಪಡಿಸಿಕೊಳ್ಳುವುದು ಸಾಧ್ಯವಾಯಿತು. ತಾಲ್ಲೂಕು ಮಟ್ಟದಲ್ಲಿ ಬಳಸಬಹುದಾದ, ಬ್ಯಾಟರಿಯಿಂದ ನಡೆಯುವ ಟ್ರೂನ್ಯಾಟ್ ಯಂತ್ರದ ಪರೀಕ್ಷೆಯನ್ನೂ ಅಳವಡಿಸಲಾಗಿದೆ.

ಚಿಕಿತ್ಸೆ ಮತ್ತು ಇತರ ತಡೆಕ್ರಮಗಳು

ವೈರಸ್ಸನ್ನೇ ಕೊಲ್ಲುವ ಮಾನ್ಯ ಔಷಧವಿಲ್ಲ. ದ್ರವಾಂಶ, ರಕ್ತದೊತ್ತಡ, ಪ್ಲೇಟ್‌ಲೆಟ್‌ಗಳ ಮೇಲೆ ಕಣ್ಣಿಟ್ಟು ರಕ್ತಸ್ರಾವವನ್ನು ನಿಭಾಯಿಸುವುದೇ ಚಿಕಿತ್ಸೆ. ಲಸಿಕೆಯಿಲ್ಲದ ಈ ಅವಧಿಯಲ್ಲಿ ಉಣುಗಿನಿಂದ ದೂರವಿರುವುದೇ ಪ್ರಧಾನ ತಡೆ. ಕಾಡಿಗೆ ಹೋಗುವ ಮುನ್ನ ಮೈಗೆ ಡೆಪಾ ತೈಲ ಹಚ್ಚುವುದು, ಮೈತುಂಬ ಬಟ್ಟೆ ತೊಡುವುದು, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯುವುದು, ಸತ್ತ ಮಂಗವನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಇಲಾಖೆಯ ಸೂಚನೆಗಳು. ಮಂಗ ಸತ್ತ ಸ್ಥಳದ ಸುತ್ತ 50 ಮೀಟರ್‌ವರೆಗೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. ದನಗಳ ಮೈಗೆ ಉಣುಗುನಾಶಕ ಹಚ್ಚುವ ಕ್ರಮವೂ ಇದೆ.